ಡಿಟೆಕ್ಟರ್, ಜರಡಿ, ಕಕ್ಕಸು ಗುಂಡಿ: ನೆಬ್ರಾಸ್ಕಾದ ಹಳೆ ಮನೆ ಜಾಗದಲ್ಲಿ ಯಾವುದು ವಾಸಿ?

ನೆಬ್ರಾಸ್ಕಾದಲ್ಲಿ ಹಳೆ ಮನೆ ಇದ್ದ ಜಾಗ ಅಗೆಯುವವರು ಸಾಮಾನ್ಯವಾಗಿ ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಮೆಟಲ್ ಡಿಟೆಕ್ಟರ್ ಹಿಡಿದು ಅಂಗಳ ಸುತ್ತುವುದು, ಹಿತ್ತಿಲ ಬಾಗಿಲ ಬಳಿ ಮಣ್ಣು ತೆಗೆದು ಜರಡಿ ಹಿಡಿಯುವುದು, ಇಲ್ಲವೇ ಹಳೆ ಕಕ್ಕಸು ಗುಂಡಿ ಹುಡುಕಿ ಬಾಟಲಿ ತೆಗೆಯುವುದು. ಮೂರರ ರುಚಿಯನ್ನೂ ನೋಡಿದ್ದೇನೆ. ನನ್ನ ವೋಟು ಜರಡಿಗೆ. ಆದರೆ ಡಿಟೆಕ್ಟರ್ ಇಲ್ಲದೆ ಜರಡಿಯನ್ನು ಎಲ್ಲಿ ಊರಬೇಕು ಅನ್ನುವುದೇ ಗೊತ್ತಾಗುವುದಿಲ್ಲ, ಹಾಗಾಗಿ ಜಗಳ ಅಷ್ಟು ಸುಲಭಕ್ಕೆ ಬಗೆಹರಿಯುವಂಥದ್ದಲ್ಲ.

ಜಾಗ ಲಿಂಕನ್ ನಗರದ ದಕ್ಷಿಣಕ್ಕೆ, ಸಹೋದ್ಯೋಗಿಯೊಬ್ಬರ ಮನೆತನದ ಹೊಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಸಿಕ್ಕಿದ 160 ಎಕರೆ. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉಳುಮೆ ಮಾಡಿದರೆ, 18 ಡಾಲರ್ ಶುಲ್ಕಕ್ಕೆ ಭೂಮಿ ನಿಮ್ಮದು ಅನ್ನುವ ಕಾಯ್ದೆ ಅದು. ಸುಮಾರು 16 ಲಕ್ಷ ಹಕ್ಕುಪತ್ರಗಳು ಹೀಗೆ ಹಂಚಿಹೋದವು. ಮೊದಮೊದಲು ಅರ್ಜಿ ಹಾಕಿದವರಲ್ಲಿ ಒಬ್ಬನಾದ ಡೇನಿಯಲ್ ಫ್ರೀಮನ್‌ನ ಹೊಲ ಇಲ್ಲೇ ಬಿಯಾಟ್ರಿಸ್ ಊರಿನ ಹತ್ತಿರ, ಈಗ ರಾಷ್ಟ್ರೀಯ ಉದ್ಯಾನ. ಅದಕ್ಕೂ ಮುಂಚೆ ಈ ಸೀಮೆ ಓಟೊ-ಮಿಸ್ಸೂರಿಯಾ ಅನ್ನುವ ಮೂಲನಿವಾಸಿ ಜನರದ್ದು. ಬಿಗ್ ಬ್ಲೂ ನದಿ ದಂಡೆಯಲ್ಲಿ ಅವರಿಗೆ ಉಳಿದಿದ್ದ ಜಾಗವೂ ಹೋಗಿ, 1881ರಲ್ಲಿ ಅವರನ್ನು ಈಗಿನ ಓಕ್ಲಹೋಮಾಕ್ಕೆ ಸಾಗಿಸಿದರು. ಅಗೆಯುವಾಗ ಕೆತ್ತಿದ ಕಲ್ಲಿನ ಚೂರು ಸಿಕ್ಕಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಅದು ನನ್ನಂಥ ಹವ್ಯಾಸಿಯ ಕೆಲಸವಲ್ಲ.

ಸಲಿಕೆ ಎತ್ತುವ ಮುಂಚೆ ಕಾಗದ. ಹಕ್ಕುಪತ್ರದ ದಾಖಲೆ ಸರಕಾರದ ಭೂ ಕಚೇರಿಯ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ. ಅದರ ಹಿಂದಿನ ಪೂರ್ತಿ ಕಡತ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇರುತ್ತದೆ, ದುಡ್ಡು ಕೊಟ್ಟು ಪ್ರತಿ ತರಿಸಬಹುದು. ಮನೆ ಎಷ್ಟು ಅಡಿ, ಬಾವಿ ಇದೆಯೇ, ಎಷ್ಟು ಎಕರೆ ಉತ್ತಿದ್ದಾರೆ ಅಂತ ಇಬ್ಬರು ಸಾಕ್ಷಿಗಳು ಹೇಳಿದ ಮಾತು ಅದರಲ್ಲಿರುತ್ತದೆ. ನಮ್ಮ ಕಡತದಲ್ಲಿ ಮರದ ಮನೆ, ಬಾವಿ, ಕುದುರೆ ಲಾಯ, ಜೋಳದ ಕಣಜ ಇತ್ತು. ನೆಲದ ಮೇಲೆ ಈಗ ಉಳಿದಿರುವುದು ಲೈಲಾಕ್ ಪೊದೆ, ಸಾಲು ಸೀಡರ್ ಮರ, ನೆಲಮಾಳಿಗೆ ಕುಸಿದ ತಗ್ಗು ಅಷ್ಟೆ. ಬಯಲಿನ ನಡುವೆ ಲೈಲಾಕ್ ತಾನಾಗಿ ಹುಟ್ಟುವುದಿಲ್ಲ. ಕಂಡರೆ ಅಲ್ಲೊಂದು ಬಾಗಿಲಿತ್ತು ಅಂತಲೇ ಲೆಕ್ಕ.

ಇನ್ನು ಕಾನೂನು. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇರಬೇಕು, ಬರವಣಿಗೆಯಲ್ಲಿದ್ದರೆ ವಾಸಿ. ಕೇಂದ್ರ ಸರಕಾರದ ಜಮೀನಿನಲ್ಲಿ ಪರವಾನಗಿ ಇಲ್ಲದೆ ನೂರು ವರ್ಷ ದಾಟಿದ ವಸ್ತು ತೆಗೆದರೆ 1979ರ ಕಾಯ್ದೆಯಡಿ ಅಪರಾಧ. ಊರಿಗೆ ಫೋನ್ ಮಾಡಿದಾಗೆಲ್ಲ ‘ನಿಧಿ ಸಿಕ್ತಾ?’ ಅಂತ ಕೇಳುತ್ತಾರೆ. ನಮ್ಮಲ್ಲಿ ಹೀಗೆ ಮಾಡಿದರೆ ನಿಧಿಗಳ್ಳ ಅಂತ ಪೊಲೀಸರು ಎಳೆದೊಯ್ಯುತ್ತಾರೆ, ಅಲ್ವಾ? ಭಾರತದ 1878ರ ನಿಧಿ ಕಾಯ್ದೆ ಈಗಲೂ ಇದೆ. ನೆಲದೊಳಗೆ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಾಗಾಗಿ ಇಲ್ಲಿ ಬರೆದಿರುವುದನ್ನು ಹಂಪಿ ಕಡೆ ಯಾರೂ ಪ್ರಯೋಗ ಮಾಡಬೇಡಿ.

ಡಿಟೆಕ್ಟರಿಗೆ ಬರೋಣ. ಎರವಲು ತಂದ ಒಂದೇ ಫ್ರೀಕ್ವೆನ್ಸಿಯ ಹಳೆ ಯಂತ್ರವನ್ನೂ, ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಿಡುವ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಅನ್ನೂ ಒಂದೇ ತುಂಡು ನೆಲದ ಮೇಲೆ ಆಡಿಸಿ ನೋಡಿದೆ. ಖಾಲಿ ಹುಲ್ಲಿನ ಮೇಲೆ ಇಬ್ಬರೂ ಸಮ. ಇಲ್ಲಿನ ಮಣ್ಣು ಗಾಳಿ ತಂದು ಹಾಸಿದ ನುಣುಪು ಲೋಯೆಸ್ ಮಣ್ಣು. ಕಲ್ಲಿಲ್ಲ, ಕಬ್ಬಿಣದ ಅಂಶವೂ ಕಮ್ಮಿ. ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣಿನಲ್ಲಾದರೆ ಯಂತ್ರ ಸುಮ್ನೆ ಕಿರುಚುತ್ತದೆ. ನಾಣ್ಯದಷ್ಟು ವಸ್ತು ಆರೆಂಟು ಇಂಚು ಆಳದವರೆಗೆ ಎರಡರಲ್ಲೂ ಸಿಕ್ಕಿತು.

ವ್ಯತ್ಯಾಸ ಕಂಡಿದ್ದು ಮನೆ ಬಿದ್ದ ಜಾಗದಲ್ಲಿ. ಅಲ್ಲಿ ಮೊಳೆಗಳದ್ದೇ ರಾಜ್ಯ. ತುಕ್ಕು ಹಿಡಿದ ಮೊಳೆ ಪಕ್ಕದಲ್ಲಿದ್ದರೆ ಒಳ್ಳೆ ಲೋಹದ ಸದ್ದನ್ನೂ ಅದು ನುಂಗಿಬಿಡುತ್ತದೆ. ಹಳೆಯ ಯಂತ್ರ ಒಂದು ಮೊಳೆಯ ಸದ್ದಿನಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಪಕ್ಕದ ವಸ್ತು ದಾಟಿಹೋಗಿರುತ್ತಿತ್ತು. ಈಕ್ವಿನಾಕ್ಸಿಗೆ ಆರು ಇಂಚಿನ ಪುಟ್ಟ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಹಾಕಿ, ಕೈಯನ್ನು ನಿಧಾನ ಮಾಡಿದ ಮೇಲೆ ಮೊಳೆಗಳ ನಡುವಿನಿಂದ 1880ರ ದಶಕದ ಇಂಡಿಯನ್ ಹೆಡ್ ಸೆಂಟ್, ಅಂದರೆ ಒಂದು ಸೆಂಟಿನ ಹಳೆ ನಾಣ್ಯ, ಎದ್ದು ಬಂತು. ಯಂತ್ರ ಬದಲಿಸುವ ಮುಂಚೆ ಸಣ್ಣ ಕಾಯಿಲ್ ಕೊಳ್ಳಿ ಅನ್ನುವುದು ನನ್ನ ಸಲಹೆ.

ಯಾವ ಲೋಹ ಅಂತ ಅಂದಾಜು ಹೇಳುವ ಪರದೆಯ ನಂಬರನ್ನು ದೇವರ ಮಾತು ಅಂದುಕೊಳ್ಳಬಾರದು. ಈ ಯಂತ್ರದಲ್ಲಿ ಕಬ್ಬಿಣಕ್ಕೆ ಸೊನ್ನೆಯ ಕೆಳಗಿನ ನಂಬರು, ನಿಕ್ಕಲ್ ಐದು ಸೆಂಟಿಗೆ 12-13. ಆದರೆ ಬಿಯರ್ ಡಬ್ಬಿಯ ಕಿವಿ ಕೂಡ ಅದೇ ಸುತ್ತಮುತ್ತಲೇ ಬರುತ್ತದೆ. ಉಪ್ಪಿನಕಾಯಿ ಹಾಕುವ ಮೇಸನ್ ಜಾಡಿಯ ಸತು ಮುಚ್ಚಳವಂತೂ ದೊಡ್ಡ ಬೆಳ್ಳಿ ನಾಣ್ಯದ ಹಾಗೆ ಹಾಡುತ್ತದೆ. ತೋಟಾ ಕೋವಿಯ ಹಿತ್ತಾಳೆ ಬುಡಗಳು ಬುಟ್ಟಿಗಟ್ಟಲೆ ಸಿಕ್ಕವು. ಅದರಲ್ಲಿ ‘ಯುಎಂಸಿ’ ಅಂತ ಮಾತ್ರ ಇದ್ದರೆ 1912ರ ಸುಮಾರಿಗಿಂತ ಮುಂಚಿನದ್ದು, ‘ರೆಮ್-ಯುಎಂಸಿ’ ಇದ್ದರೆ ಆಮೇಲಿನದ್ದು. ಯುಎಂಸಿ ಅನ್ನುವ ತೋಟಾ ಕಂಪನಿ, ರೆಮಿಂಗ್ಟನ್ ಅನ್ನುವ ಕೋವಿ ಕಂಪನಿ ಒಂದಾದ ಗುರುತು ಅದು.

ಡಿಟೆಕ್ಟರ್ ಹಿಡಿದವರು ಸಾಮಾನ್ಯವಾಗಿ ಕಬ್ಬಿಣದ ಸದ್ದನ್ನು ಆಫ್ ಮಾಡಿಬಿಡುತ್ತಾರೆ. ನನಗೆ ಅದೇ ಸರಿ ಅನ್ನಿಸುವುದಿಲ್ಲ. ಕಬ್ಬಿಣದ ಸದ್ದನ್ನು ಬಿಟ್ಟುಕೊಂಡು ಸಾಲುಸಾಲಾಗಿ ನಡೆದು, ಮೊಳೆ ದಟ್ಟವಾದಲ್ಲೆಲ್ಲ ಬಣ್ಣದ ಬಾವುಟ ಚುಚ್ಚಿ ನೋಡಿ. ಮನೆಯ ನಕ್ಷೆ ತಾನೇ ಮೂಡುತ್ತದೆ. ನಮ್ಮ ಜಾಗದಲ್ಲಿ ಪೂರ್ವದ ಕಡೆ ಚಪ್ಪಟೆ ತಗಡಿನಿಂದ ಕತ್ತರಿಸಿದ ಚೌಕ ಮೊಳೆ, ಪಶ್ಚಿಮದ ಕಡೆ ದುಂಡು ತಂತಿ ಮೊಳೆ. ತಂತಿ ಮೊಳೆ ಎಲ್ಲೆಡೆ ಬಳಕೆಗೆ ಬಂದಿದ್ದು 1890ರ ದಶಕದಲ್ಲಿ. ಅಂದರೆ ಪಶ್ಚಿಮದ ಕೋಣೆ ಆಮೇಲೆ ಸೇರಿಸಿದ್ದು. ನಾಣ್ಯ ಈ ವಿಷಯ ಹೇಳುತ್ತಿರಲಿಲ್ಲ.

ಆ ಬಾವುಟಗಳನ್ನು ನೋಡಿಯೇ ಹಿತ್ತಿಲ ಬಾಗಿಲು ಎಲ್ಲಿತ್ತು ಅಂತ ಅಂದಾಜು ಮಾಡಿ ಜರಡಿ ಊರಿದ್ದು. ಮರದ ಚೌಕಟ್ಟಿಗೆ ಕಾಲು ಇಂಚು ಕಣ್ಣಿನ ತಂತಿ ಬಲೆ ಹೊಡೆದ ಸಾದಾ ಜರಡಿ. ಒಂದು ಮೀಟರ್ ಚೌಕಕ್ಕೆ ದಾರ ಕಟ್ಟಿ, ಹತ್ತು ಸೆಂಟಿಮೀಟರಿಗೆ ಒಂದು ಪದರದಂತೆ ತೆಗೆಯಬೇಕು. ಪದರಕ್ಕೊಂದು ಚೀಲ, ಚೀಲದ ಮೇಲೆ ಆಳದ ಗುರುತು. ಕೇಳಲು ಸುಲಭ. ಒಂದು ಪದರ ಅಂದರೆ ನೂರು ಲೀಟರ್ ಮಣ್ಣು, ಸುಮಾರು 130 ಕಿಲೋ. ಒದ್ದೆಯಿದ್ದರೆ ಈ ಮಣ್ಣು ಉಂಡೆಗಟ್ಟಿ ಬಲೆಯ ಮೇಲೆ ಕೂರುತ್ತದೆ. ಬೆನ್ನು ಅಲ್ಲೇ ರಾಜೀನಾಮೆ ಕೊಡುತ್ತದೆ. ಡಿಟೆಕ್ಟರಿನಲ್ಲಿ ಇಡೀ ಅಂಗಳ ಮುಗಿಸುವ ಹೊತ್ತಿಗೆ ಜರಡಿಯಲ್ಲಿ ಚಾಪೆಯಷ್ಟು ಜಾಗ ಮುಗಿದಿರುವುದಿಲ್ಲ.

ಆದರೆ ಏನೇನು ಸಿಗುತ್ತದೆ ನೋಡಿ. ಸ್ಲೇಟು, ಬಳಪದ ತುಂಡುಗಳು! ಮುರಿದು ಬೆರಳುಗುರಿನಷ್ಟಾದರೂ ಒಂದು ತುದಿ ಚೂಪು ಮಾಡಿಟ್ಟ ಬಳಪ. ಮಣ್ಣಿನ ಗೋಲಿ. ನಾಲ್ಕು ತೂತಿನ ಬಿಳಿ ಪಿಂಗಾಣಿಯ ಅಂಗಿ ಗುಂಡಿಗಳು. 1840ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ಪುಡಿಯನ್ನು ಅಚ್ಚೊತ್ತಿ ಸುಟ್ಟು ಮಾಡುತ್ತಿದ್ದವು ಅವು. ಚಿಪ್ಪಿನ ಗುಂಡಿಯೂ ಇತ್ತು. ಲಾಟೀನಿನ ತೆಳು ಗಾಜು, ಕೋಳಿ ಮೂಳೆ, ಪೀಚ್ ಹಣ್ಣಿನ ಬೀಜ, ನೀಲಿ ಚಿತ್ತಾರದ ತಟ್ಟೆಯ ಚೂರು. ಮೇಲಿನ ಪದರದಲ್ಲಿ ಬಿಸಿಲಿಗೆ ನೇರಳೆ ತಿರುಗಿದ ಗಾಜು, ಮ್ಯಾಂಗನೀಸ್ ಸೇರಿಸಿ ಮಾಡಿದ್ದು. ಇದರಲ್ಲಿ ಒಂದಕ್ಕೂ ಡಿಟೆಕ್ಟರ್ ಬಾಯಿ ಬಿಡುವುದಿಲ್ಲ. ಡಿಟೆಕ್ಟರ್ ಮಾತ್ರ ನಂಬಿದ್ದರೆ ಈ ಮನೆಯಲ್ಲಿ ಬೇಟೆಗಾರ ಗಂಡಸೊಬ್ಬ ಇದ್ದ ಅಂತಷ್ಟೇ ಅನ್ನಿಸುತ್ತಿತ್ತು. ಮಕ್ಕಳು ಇದ್ದರು, ಓದುತ್ತಿದ್ದರು, ಗೋಲಿ ಆಡುತ್ತಿದ್ದರು ಅಂತ ಹೇಳಿದ್ದು ಜರಡಿ.

ಕಕ್ಕಸು ಗುಂಡಿಯ ವಿಷಯ ಬೇರೆ. ಹೊಲದ ಮನೆಗಳಲ್ಲಿ ಗುಂಡಿ ತುಂಬಿದರೆ ಮೇಲಿನ ಗುಡಿಸಲನ್ನೇ ಎತ್ತಿ ಬೇರೆ ಕಡೆ ಇಡುತ್ತಿದ್ದರು, ಹಾಗಾಗಿ ಹುಡುಕುವುದು ಕಷ್ಟ. ನಾನು ನೋಡಿದ್ದು ಹತ್ತಿರದ ಸಣ್ಣ ಪಟ್ಟಣದ ಹಿತ್ತಿಲಿನಲ್ಲಿ, ಪಳಗಿದ ಬಾಟಲಿ ಅಗೆಯುವವರ ಜೊತೆ. ಸ್ಪ್ರಿಂಗ್ ಸ್ಟೀಲಿನ ಉದ್ದ ಸರಳನ್ನು ನೆಲಕ್ಕೆ ಚುಚ್ಚುತ್ತಾ ಹೋಗುತ್ತಾರೆ. ಗಟ್ಟಿ ಮಣ್ಣಿನ ನಡುವೆ ಸರಳು ಸಲೀಸಾಗಿ ಇಳಿದರೆ ಗುಂಡಿ ಅಲ್ಲಿ. ವಾಸನೆ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಅದು ಎಂದೋ ಕಪ್ಪು ಮಣ್ಣಾಗಿರುತ್ತದೆ.

ಬಾಟಲಿಗಳ ಮಟ್ಟಿಗೆ ಇದಕ್ಕೆ ಸಾಟಿಯೇ ಇಲ್ಲ. ಔಷಧದ್ದು, ಮಸಿಯದ್ದು, ಎಲ್ಲ ಇಡಿಯಾಗಿ. ಅಚ್ಚಿನ ಗೆರೆ ಬಾಯಿಯ ಕೆಳಗೇ ನಿಂತರೆ ಕೈಯಲ್ಲಿ ಮುಗಿಸಿದ್ದು, ತುದಿವರೆಗೂ ಹೋಗಿದ್ದರೆ ಸಾಮಾನ್ಯವಾಗಿ 1903ರ ನಂತರದ ಯಂತ್ರದ ಬಾಟಲಿ. ಒಂದು ಜಾಡಿಯ ಮೇಲೆ ‘ನವೆಂಬರ್ 30, 1858’ ಅಂತ ಉಬ್ಬಕ್ಷರ ಇತ್ತು. ಅದು ಪೇಟೆಂಟಿನ ತಾರೀಖು, ಜಾಡಿಯದ್ದಲ್ಲ. ಅದೇ ತಾರೀಖು ಒತ್ತಿದ ಜಾಡಿಗಳನ್ನು ಆಮೇಲೆ ದಶಕಗಟ್ಟಲೆ ಮಾಡಿದರು.

ಆದರೂ ನಾನು ಇದನ್ನು ಮುಂದುವರಿಸಲಿಲ್ಲ. ಲೋಯೆಸ್ ಮಣ್ಣು ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಹೇಳದೆ ಕೇಳದೆ ಜಾರುತ್ತದೆ. ಒಂದು ಘನ ಮೀಟರ್ ಒದ್ದೆ ಮಣ್ಣು ಅಂದರೆ ಒಂದೂವರೆ ಟನ್ನಿನ ಹತ್ತಿರ. ಐದು ಅಡಿ ದಾಟಿದ ಕಂದಕಕ್ಕೆ ಆಸರೆ ಕಟ್ಟಬೇಕು ಅಂತ ಇಲ್ಲಿ ಕೂಲಿ ಕೆಲಸಕ್ಕೆ ನಿಯಮ ಇದೆ, ಹವ್ಯಾಸಿಗಳು ಏಣಿ ಇಟ್ಟು ಇಳಿಯುತ್ತಾರೆ. ಜೊತೆಗೆ, ಬಾಟಲಿಯ ಆತುರಕ್ಕೆ ಪದರಗಳೆಲ್ಲ ಕಲಸಿಹೋಗುತ್ತವೆ. ಯಾವುದು ಯಾವುದರ ಕೆಳಗಿತ್ತು ಅಂತ ಬರೆದಿಡುವವರನ್ನು ನಾನು ಆ ಗುಂಪಿನಲ್ಲಿ ಕಾಣಲಿಲ್ಲ.

ದುಡ್ಡಿನ ಲೆಕ್ಕ: ಜರಡಿಗೆ ಮರ, ಬಲೆ, ಮೊಳೆ ಸೇರಿ ಒಂದು ಊಟದ ಖರ್ಚು. ಒಳ್ಳೆ ಡಿಟೆಕ್ಟರಿಗೆ ನೂರಾರು ಡಾಲರ್, ಅಗೆದ ಮಣ್ಣಿನಲ್ಲಿ ವಸ್ತು ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಬೇರೆ. ಹಾಗಾಗಿ ಯಂತ್ರವನ್ನು ಯಾರಿಂದಾದರೂ ಎರವಲು ತನ್ನಿ, ಬಾವುಟ ಚುಚ್ಚಿ ನಕ್ಷೆ ಮಾಡಿ ವಾಪಸ್ ಕೊಡಿ. ಟೆಟನಸ್ ಸೂಜಿ ಹಾಕಿಸಿಕೊಳ್ಳಿ. ಎಲ್ಲಿ ಅಗೆಯುವುದಿದ್ದರೂ ಮೊದಲು 811ಕ್ಕೆ ಫೋನ್ ಮಾಡಿ, ಕೇಬಲ್, ಗ್ಯಾಸ್ ಪೈಪು ಇದ್ದರೆ ಬಿಟ್ಟಿಯಾಗಿ ಗುರುತು ಮಾಡಿಕೊಡುತ್ತಾರೆ. ಹಳೆ ಬಾವಿ ಎಲ್ಲಿತ್ತು ಅಂತ ಮಾಲೀಕರನ್ನು ಕೇಳಿಕೊಂಡೇ ಅಂಗಳದಲ್ಲಿ ಕಾಲಿಡಿ. ಕೊಳೆತ ಹಲಗೆಯ ಮೇಲೆ ಹುಲ್ಲು ಬೆಳೆದಿದ್ದರೆ ಬಾವಿ ಕಣ್ಣಿಗೆ ಬೀಳುವುದಿಲ್ಲ. ಸಿಕ್ಕಿದ್ದು ಯಾರದು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ನಮ್ಮ ಒಪ್ಪಂದದಲ್ಲಿ ಎಲ್ಲವೂ ಮನೆಯವರದ್ದು, ಮೊಳೆಗಳು ಮಾತ್ರ ನನಗೆ.