ಆರು ತಿಂಗಳ ಕವಾಯತೋ, ವರ್ಷಗಟ್ಟಲೆ ಕಂಬಿಯೋ?

ಮಾಮೂಲಿ ಜೈಲು, ಇಲ್ಲವೇ ಸೈನಿಕ ಶಿಸ್ತಿನ ‘ಶಾಕ್’ ಶಿಬಿರ: ನ್ಯೂಯಾರ್ಕ್ ರಾಜ್ಯ ಕೆಲವು ಕೈದಿಗಳ ಮುಂದೆ 1987ರಲ್ಲಿ ಇಟ್ಟ ಆಯ್ಕೆಯಿದು. ಶಿಬಿರದ ದೊಡ್ಡ ಆಕರ್ಷಣೆ ಅವಧಿ. ಆರು ತಿಂಗಳು ಪೂರೈಸಿದರೆ ಉಳಿದ ಶಿಕ್ಷೆ ಮೊಟಕಾಗಿ ಪೆರೋಲ್, ಅಂದರೆ ನಿಗಾದಡಿ ಷರತ್ತಿನ ಬಿಡುಗಡೆ, ಸಿಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು: ಬೋಳು ತಲೆ, ನಸುಕಿನ ಓಟ, ಸುಕ್ಕಿಲ್ಲದಂತೆ ಹಾಸಬೇಕಾದ ಹಾಸಿಗೆ, ಮೈಮುರಿ ದುಡಿಮೆ. ಜೊತೆಗೆ ವ್ಯಸನಮುಕ್ತಿ ಚಿಕಿತ್ಸೆ, ಪಾಠ. ಅರ್ಧಕ್ಕೆ ಬಿಟ್ಟರೆ ಹಳೆಯ ಶಿಕ್ಷೆಯೇ ಗತಿ.

ಜೈಲಿನಲ್ಲಿ ಇಷ್ಟು ಗದರಿಕೆಯಿಲ್ಲ, ಆದರೆ ದಿನಗಳು ಸವೆಯುವುದಿಲ್ಲ.

ಮತ್ತೆ ಅಪರಾಧಕ್ಕಿಳಿಯುವವರ ಪ್ರಮಾಣದಲ್ಲಿ ಅಮೆರಿಕದ ಅಧ್ಯಯನಗಳು ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಕಂಡಿಲ್ಲ. ಕವಾಯತು ಮನಸ್ಸು ತಿದ್ದುತ್ತದೆಂದು ನಾನಂತೂ ನಂಬುವುದಿಲ್ಲ. ಚಿಕಿತ್ಸೆಯಿರುವ ಶಿಬಿರವಾದರೆ ಒಪ್ಪಬಹುದು. ದೇಹ ಗಟ್ಟಿಯಿಲ್ಲದವರಿಗೆ ಬೇಡ. 2006ರಲ್ಲಿ ಫ್ಲಾರಿಡಾದ ಬಾಲಕರ ಶಿಬಿರದಲ್ಲಿ ಓಡುತ್ತ ಕುಸಿದ 14ರ ಹುಡುಗ, ಕಾವಲುಗಾರರ ಬಲಪ್ರಯೋಗದ ಮರುದಿನ ತೀರಿಕೊಂಡ.