ಲಾಕೀಷ್ ಮುತ್ತಿಗೆಯ ಕೊಠಡಿ, ಬ್ರಿಟಿಷ್ ಮ್ಯೂಸಿಯಂ, ಲಂಡನ್: ಒಂದು ವಿಮರ್ಶೆ

ಬೈಬಲಿನ ಎರಡನೆಯ ಅರಸುಗಳ ಗ್ರಂಥದ 18ನೇ ಅಧ್ಯಾಯದಲ್ಲಿ ಲಾಕೀಷ್ ಎಂಬ ಊರಿನ ಹೆಸರು ಬಂದುಹೋಗುವುದು ಒಂದೆರಡು ವಾಕ್ಯಗಳಲ್ಲಿ ಮಾತ್ರ. ಅಶ್ಶೂರದ (ಅಸ್ಸೀರಿಯಾದ) ಅರಸ ಸನ್ಹೇರೀಬನು ಯೆಹೂದದ ಕೋಟೆಯೂರುಗಳನ್ನು ಹಿಡಿದನು, ಯೆರೂಸಲೇಮಿನ ಅರಸ ಹಿಜ್ಕೀಯನು ಲಾಕೀಷಿನಲ್ಲಿದ್ದ ಅವನ ಬಳಿಗೆ ಆಳನ್ನು ಕಳುಹಿಸಿ ಕಪ್ಪ ಒಪ್ಪಿಸಲು ಸಮ್ಮತಿಸಿದನು ಎಂಬಲ್ಲಿಗೆ ಗ್ರಂಥಕರ್ತನ ಗಮನ ಯೆರೂಸಲೇಮಿನ ಕಡೆಗೆ ಹೊರಳುತ್ತದೆ. ಲಾಕೀಷಿನ ಜನರಿಗೆ ಏನಾಯಿತು ಎಂಬುದನ್ನು ಅವನು ಹೇಳುವುದಿಲ್ಲ. ಅವನು ಹೇಳದೆ ಬಿಟ್ಟ ಸಂಗತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ 10ಬಿ ಕೊಠಡಿಯ ಗೋಡೆಗಳ ಮೇಲಿದೆ. ಬೈಬಲಿನ ಬರಹಗಳ ಹಿಂದಿನ ಇತಿಹಾಸವನ್ನು ಪುರಾತತ್ತ್ವಜ್ಞರು ಹೇಗೆ ಕಟ್ಟುತ್ತಾರೆ ಎಂದು ತಿಳಿಯಬಯಸುವವರು ನೋಡಲೇಬೇಕಾದ ಕೊಠಡಿ ಇದು. ಪ್ರವೇಶಕ್ಕೆ ಶುಲ್ಕವಿಲ್ಲ.

ಈ ಉಬ್ಬುಶಿಲ್ಪಗಳು ಇಂದಿನ ಇರಾಕಿನ ಮೊಸುಲ್ ನಗರದ ಬಳಿಯಿರುವ ನಿನೆವೆಯಲ್ಲಿ, ಸನ್ಹೇರೀಬನ ಅರಮನೆಯ ಒಂದು ಕೋಣೆಯ ಗೋಡೆಗೆ ಹೊದಿಸಿದ್ದ ಕಲ್ಲಿನ ಫಲಕಗಳು. 1840ರ ದಶಕದ ಕೊನೆಯಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಆಸ್ಟಿನ್ ಹೆನ್ರಿ ಲೇಯಾರ್ಡ್ ಇವುಗಳನ್ನು ಅಗೆದು ತೆಗೆಸಿದರು. ಎಡಗಡೆಯಿಂದ ನೋಡುತ್ತ ಬಂದರೆ ಮೊದಲು ಕವಣೆಗಾರರು ಮತ್ತು ಬಿಲ್ಲಾಳುಗಳು, ಅನಂತರ ಕೋಟೆಗೋಡೆಯತ್ತ ಕಟ್ಟಿದ ಏರಿ, ಅದರ ಮೇಲೆ ಸಾಗುವ ಗೋಡೆ ಬಡಿಯುವ ಯಂತ್ರಗಳು. ಕೋಟೆಯ ಮೇಲಿನವರು ಪಂಜುಗಳನ್ನು ಎಸೆಯುತ್ತಿದ್ದರೆ, ಯಂತ್ರಕ್ಕೆ ಬೆಂಕಿ ಹತ್ತದಂತೆ ಅಶ್ಶೂರದ ಸೈನಿಕನೊಬ್ಬ ಉದ್ದ ಹಿಡಿಯ ಸೌಟಿನಿಂದ ನೀರು ಸುರಿಯುತ್ತಿದ್ದಾನೆ. ಇಷ್ಟು ಸಣ್ಣ ವಿವರವನ್ನೂ ಶಿಲ್ಪಿ ಬಿಟ್ಟಿಲ್ಲ. ಮುಂದೆ ಶೂಲಕ್ಕೇರಿದ ದೇಹಗಳು, ಎತ್ತಿನ ಗಾಡಿಯಲ್ಲಿ ಗಂಟುಮೂಟೆ ಹೇರಿಕೊಂಡು ಮಕ್ಕಳೊಂದಿಗೆ ಊರು ಬಿಡುವ ಕುಟುಂಬಗಳು, ಕೊನೆಯಲ್ಲಿ ಸಿಂಹಾಸನದ ಮೇಲೆ ಕುಳಿತ ಸನ್ಹೇರೀಬ. ಅವನ ಮುಖವನ್ನು ಯಾರೋ ಬೇಕೆಂದೇ ಕೆತ್ತಿ ಹಾಕಿದ್ದಾರೆ; ಕ್ರಿ.ಪೂ. 612ರಲ್ಲಿ ನಿನೆವೆ ಬಿದ್ದಾಗ ಶತ್ರುಗಳು ಹೀಗೆ ಮಾಡಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅರಸನ ಹತ್ತಿರದ ಕಿರುಬರಹ ಊರಿನ ಹೆಸರನ್ನು ಸ್ಪಷ್ಟವಾಗಿ ಹೇಳುವುದರಿಂದಲೇ ಇದು ಲಾಕೀಷ್ ಎಂದು ನಿಶ್ಚಯವಾಗಿ ಹೇಳಲು ಸಾಧ್ಯವಾಗಿದೆ.

ಆದರೆ ಈ ಕೊಠಡಿಯನ್ನು ನೋಡಿ "ಬೈಬಲ್ ನಿಜವೆಂದು ಸಾಬೀತಾಯಿತು" ಎಂದು ಹೊರಬರುವವರು ಅರ್ಧ ಪಾಠವನ್ನಷ್ಟೇ ಕಲಿತಿರುತ್ತಾರೆ. ಇದೇ ಮ್ಯೂಸಿಯಂನ ಮೇಲಂತಸ್ತಿನಲ್ಲಿ ಸನ್ಹೇರೀಬನ ದಂಡಯಾತ್ರೆಗಳನ್ನು ಕ್ಯೂನಿಫಾರ್ಮ್ ಎಂಬ ಬೆಣೆಯಾಕಾರದ ಲಿಪಿಯಲ್ಲಿ ಬರೆದಿರುವ, ಆರು ಮುಖಗಳ ಜೇಡಿಮಣ್ಣಿನ ಟೇಲರ್ ಪ್ರಿಸಂ ಇದೆ. ಹಿಜ್ಕೀಯನ 46 ಕೋಟೆಯೂರುಗಳನ್ನು ಗೆದ್ದೆ, 2,00,150 ಜನರನ್ನು ಹೊರತಂದೆ, ಅವನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು ಅರಸ ಅದರಲ್ಲಿ ಹೇಳಿಕೊಳ್ಳುತ್ತಾನೆ. ನಮ್ಮ ಶಾಸನಗಳ ಪ್ರಶಸ್ತಿಭಾಗವನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ, ಅದನ್ನು ಓದುವ ಎಚ್ಚರವೂ ಹೊಸದಲ್ಲ. ಯೆರೂಸಲೇಮನ್ನು ಹಿಡಿದೆನೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಅರಮನೆಯ ಗೋಡೆಯಲ್ಲಿ ರಾಜಧಾನಿಯ ಬದಲು ಲಾಕೀಷಿಗೆ ಇಷ್ಟು ಜಾಗ ಸಿಕ್ಕಿರುವುದಕ್ಕೆ ಇದೇ ಕಾರಣವಿರಬೇಕು. ಕಪ್ಪದ ಲೆಕ್ಕದಲ್ಲಿ ಬೈಬಲೂ ಪ್ರಿಸಂ ಕೂಡ 30 ತಲಾಂತು (ಅಂದಿನ ಒಂದು ತೂಕದ ಅಳತೆ) ಬಂಗಾರ ಎನ್ನುತ್ತವೆ, ಬೆಳ್ಳಿಯ ವಿಷಯದಲ್ಲಿ ಮಾತ್ರ ಬೈಬಲು 300 ಎಂದರೆ ಪ್ರಿಸಂ 800 ಎನ್ನುತ್ತದೆ. ಸೈನ್ಯ ಹಿಂದಿರುಗಿದ್ದನ್ನು ಹೇಳಿದ ಬೆನ್ನಿಗೇ ಬೈಬಲು ಸನ್ಹೇರೀಬನನ್ನು ಅವನ ಮಕ್ಕಳೇ ಕೊಂದ ಸಂಗತಿಯನ್ನೂ ಹೇಳುತ್ತದೆ. ಕೊಲೆ ನಡೆದದ್ದು ನಿಜ, ಬಾಬಿಲೋನಿನ ವೃತ್ತಾಂತವೂ ಅದನ್ನು ದಾಖಲಿಸಿದೆ. ಆದರೆ ಅದು ಕ್ರಿ.ಪೂ. 681ರಲ್ಲಿ, ಅಂದರೆ ಕ್ರಿ.ಪೂ. 701ರ ದಂಡಯಾತ್ರೆಯಾದ 20 ವರ್ಷಗಳ ಮೇಲೆ. ದೈವದಂಡನೆಯ ಕಥೆಯಾಗಿ ಇತಿಹಾಸವನ್ನು ಬರೆಯುತ್ತಿದ್ದವನು ಎರಡು ಘಟನೆಗಳ ನಡುವಿನ ಕಾಲವನ್ನು ಹೇಗೆ ಮಡಚಿಟ್ಟನೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈ ಎರಡು ಸಾಕ್ಷಿಗಳೂ ಅರಸರ ಮತ್ತು ಲಿಪಿಕಾರರ ಮಾತು. ಮೂರನೆಯದು ಮಣ್ಣಿನದು. ಲಾಕೀಷಿನ ದಿಬ್ಬವನ್ನು 1932ರಿಂದ ಜೇಮ್ಸ್ ಲೆಸ್ಲಿ ಸ್ಟಾರ್ಕಿ ಅಗೆಸಿದರು; 1938ರಲ್ಲಿ ಅವರ ಕೊಲೆಯಾದ ಮೇಲೆ ಆ ಕೆಲಸದ ವರದಿಗಳನ್ನು ಪೂರ್ಣಗೊಳಿಸುವ ದೊಡ್ಡ ಹೊರೆ ಅವರ ತಂಡದಲ್ಲಿದ್ದ ಓಲ್ಗಾ ಟಫ್ನೆಲ್ ಅವರ ಮೇಲೆ ಬಿತ್ತು. ಸುಟ್ಟುಹೋದ ಮೂರನೆಯ ಪದರವು ಬಾಬಿಲೋನಿಯರು ಬಂದ ಕ್ರಿ.ಪೂ. 597ಕ್ಕೆ ಸೇರಿದ್ದೆಂದು ಸ್ಟಾರ್ಕಿ ನಂಬಿದ್ದರು. ಅದರ ಮಡಕೆಗಳಿಗೂ ಮೇಲಿನ ಪದರದ ಮಡಕೆಗಳಿಗೂ ಇರುವ ಅಂತರ ಹತ್ತಾರು ವರ್ಷಗಳಲ್ಲಿ ಆಗುವಂಥದ್ದಲ್ಲವೆಂದು ಕಂಡ ಟಫ್ನೆಲ್, ಆ ನಾಶವು ಸನ್ಹೇರೀಬನ ದಂಡಯಾತ್ರೆಯ ಕ್ರಿ.ಪೂ. 701ಕ್ಕೆ ಸೇರಿದ್ದೆಂದು ವಾದಿಸಿದರು. 1970ರ ದಶಕದಲ್ಲಿ ಡೇವಿಡ್ ಉಸ್ಸಿಶ್ಕಿನ್ ಅವರ ಉತ್ಖನನ ಅದನ್ನು ದೃಢಪಡಿಸಿತಲ್ಲದೆ, ದಿಬ್ಬದ ನೈಋತ್ಯ ಮೂಲೆಯಲ್ಲಿರುವ ಅಶ್ಶೂರದ ಏರಿಯನ್ನೂ, ಅದಕ್ಕೆದುರಾಗಿ ಊರಿನವರು ಒಳಗಡೆ ಅವಸರದಲ್ಲಿ ಸುರಿದ ಎದುರು ಏರಿಯನ್ನೂ ಬಯಲಿಗೆ ತಂದಿತು. ಈ ಎದುರು ಏರಿಯ ಸುದ್ದಿ ಬೈಬಲಿನಲ್ಲೂ ಇಲ್ಲ, ಅಶ್ಶೂರದ ಶಾಸನದಲ್ಲೂ ಇಲ್ಲ. ಪುರಾತತ್ತ್ವದ ನಿಜವಾದ ಕೊಡುಗೆ ಇಂಥದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ: ಅದು ಗ್ರಂಥಕ್ಕೆ ಮುದ್ರೆಯೊತ್ತುವುದಕ್ಕಿಂತಲೂ ಗ್ರಂಥ ನೆನೆಯದ ಜನರ ಪಾಡನ್ನು ತೋರಿಸುತ್ತದೆ. ಈ ಕಾಲನಿರ್ಣಯದಿಂದ ಇನ್ನೊಂದು ಬಾಗಿಲೂ ತೆರೆಯಿತು. "ಅರಸನಿಗೆ ಸೇರಿದ್ದು" ಎಂದು ಹಿಡಿಕೆಯ ಮೇಲೆ ಮುದ್ರೆಯಿರುವ ದೊಡ್ಡ ಗುಡಾಣಗಳು ಹಿಜ್ಕೀಯನ ಕಾಲದವೆಂದು ತೀರ್ಮಾನವಾದದ್ದರಿಂದ, ಅವು ಸಿಕ್ಕ ಬೇರೆ ಊರುಗಳ ಕಾಲವನ್ನೂ ಹೇಳುವುದು ಸಾಧ್ಯವಾಯಿತು.

ಮ್ಯೂಸಿಯಂನ ಜೋಡಣೆ ನಾಡು ಮತ್ತು ಸಂಸ್ಕೃತಿಗಳನ್ನು ಅನುಸರಿಸಿರುವುದರಿಂದ ಒಂದೇ ಘಟನೆಯ ಸಾಕ್ಷಿಗಳು ಬೇರೆ ಬೇರೆ ಅಂತಸ್ತುಗಳಲ್ಲಿ ಹಂಚಿಹೋಗಿವೆ. ತರ್ಕ ಸರಿಯಾದದ್ದೇ, ಆದರೂ ಮೊದಲ ಬಾರಿ ಬರುವವರು ಎಳೆಗಳನ್ನು ತಾವೇ ಕೂಡಿಸಿಕೊಳ್ಳಬೇಕಾಗುತ್ತದೆ. ಹೊರಡುವ ಮೊದಲು ಎರಡನೆಯ ಅರಸುಗಳ 18 ಮತ್ತು 19ನೇ ಅಧ್ಯಾಯಗಳನ್ನು ಓದಿಕೊಳ್ಳಿ. ಮೊದಲು 10ಬಿ, ಆಮೇಲೆ ಪ್ರಿಸಂ, ಅನಂತರ ಪುರಾತನ ಲೆವಾಂಟಿನ (ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ನಾಡುಗಳ) ಕೊಠಡಿಗಳು ಎಂಬ ಕ್ರಮದಲ್ಲಿ ನೋಡಿ. 1935ರಲ್ಲಿ ಲಾಕೀಷಿನ ಹೆಬ್ಬಾಗಿಲ ಬಳಿಯ ಸುಟ್ಟ ಕೋಣೆಯಲ್ಲಿ ಸ್ಟಾರ್ಕಿಗೆ ಸಿಕ್ಕ, ಮಡಕೆಚೂರುಗಳ ಮೇಲೆ ಮಸಿಯಿಂದ ಬರೆದ ಪತ್ರಗಳಲ್ಲಿ ಹೆಚ್ಚಿನವು ಈ ಮ್ಯೂಸಿಯಂನ ಸಂಗ್ರಹದಲ್ಲಿವೆ. ಅವು ಬಾಬಿಲೋನಿಯರು ಯೆಹೂದವನ್ನು ಮುಗಿಸಿದ ಕಾಲದವು. "ಲಾಕೀಷಿನ ಬೆಂಕಿಯ ಸಂಕೇತಕ್ಕಾಗಿ ಕಾಯುತ್ತಿದ್ದೇವೆ, ಅಜೇಕ ಕಾಣುತ್ತಿಲ್ಲ" ಎಂಬರ್ಥದ ಮಾತು ಅವುಗಳ ಪೈಕಿ ಒಂದರಲ್ಲಿದೆ. ಕೊನೆಗೆ ಉಳಿದ ಕೋಟೆಗಳು ಲಾಕೀಷ್ ಮತ್ತು ಅಜೇಕ ಎಂದು ಯೆರೆಮೀಯನ ಗ್ರಂಥ ಹೇಳುತ್ತದೆ.

ಸಮಯ ಉಳಿದರೆ ಇಸ್ರಾಯೇಲಿನ ಅರಸ ಯೇಹು ಅಶ್ಶೂರಕ್ಕೆ ಒಪ್ಪಿಸಿದ ಕಪ್ಪಕಾಣಿಕೆಯನ್ನು ಕೆತ್ತಿರುವ ಕಪ್ಪು ಸ್ತಂಭವನ್ನು ನೋಡಬಹುದು. ಈ ಕಪ್ಪದ ಪ್ರಸ್ತಾಪ ಬೈಬಲಿನಲ್ಲಿ ಇಲ್ಲ. ಬಾಬಿಲೋನಿನಲ್ಲಿ 1879ರಲ್ಲಿ ಸಿಕ್ಕ, ಪರ್ಷಿಯಾದ ಅರಸ ಸೈರಸನ ಜೇಡಿಮಣ್ಣಿನ ಶಾಸನವಾದ ಸೈರಸ್ ಸಿಲಿಂಡರಿನ ಮುಂದೆ ಮಾತ್ರ ಸ್ವಲ್ಪ ಎಚ್ಚರವಿರಲಿ. ಬಾಬಿಲೋನಿಗೆ ಗಡಿಪಾರಾಗಿದ್ದ ಯೆಹೂದ್ಯರು ತಮ್ಮ ನಾಡಿಗೆ ಮರಳಬಹುದೆಂಬ ಆಜ್ಞೆ ಅದರಲ್ಲಿದೆ ಎಂಬ ಮಾತು ಬಹಳ ಹಬ್ಬಿದೆ. ಅದರಲ್ಲಿ ಯೆಹೂದದ ಹೆಸರೂ ಇಲ್ಲ, ಯೆರೂಸಲೇಮಿನ ಹೆಸರೂ ಇಲ್ಲ. ಗಡಿಪಾರಾದವರನ್ನೂ ದೇವರ ಮೂರ್ತಿಗಳನ್ನೂ ಅವರವರ ಊರುಗಳಿಗೆ ಮರಳಿಸುವ ಸೈರಸನ ನೀತಿಯನ್ನು ಅದು ತಿಳಿಸುತ್ತದೆ, ಎಜ್ರನ ಗ್ರಂಥ ಹೇಳುವ ಘಟನೆ ಆ ನೀತಿಗೆ ಹೊಂದುತ್ತದೆ, ಅಷ್ಟೇ. ಮಕ್ಕಳೊಂದಿಗೆ ಹೋಗುವವರು 10ಬಿ ಕೊಠಡಿಯ ಹಿಂಸೆಯ ಚಿತ್ರಗಳ ಬಗ್ಗೆ ಅವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.