ಡ್ರೆಸ್‌ಬಾರ್ನ್ ಮುಚ್ಚಿದ್ದು ಬಟ್ಟೆ ಚೆನ್ನಾಗಿರಲಿಲ್ಲ ಅಂತ ಅಲ್ಲ

ಅಮೆರಿಕದಲ್ಲಿ ಹೆಂಗಸರ ಬಟ್ಟೆ ಮಾರುತ್ತಿದ್ದ ಡ್ರೆಸ್‌ಬಾರ್ನ್ ಅಂಗಡಿಗಳು 2019ರ ಡಿಸೆಂಬರ್ 26ಕ್ಕೆ ಒಂದೂ ಉಳಿಯದೆ ಮುಚ್ಚಿದವು. ಇದರ ಮಾತು ಬಂದಾಗಲೆಲ್ಲ "ಹಳೇ ಕಾಲದ ಅಂಗಡಿ, ಆನ್‌ಲೈನ್ ಬಂತು, ಹೋಯ್ತು" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಅಂಗಡಿ ಚೆನ್ನಾಗಿತ್ತು. ಅದು ದುಡಿದ ದುಡ್ಡು ಹೋದ ದಾರಿ ಚೆನ್ನಾಗಿರಲಿಲ್ಲ.

ಮೊದಲು ಅಂಗಡಿಯ ಬಗ್ಗೆ ಹೇಳುತ್ತೇನೆ. ಡ್ರೆಸ್‌ಬಾರ್ನ್‌ನಲ್ಲಿ ಫ್ಯಾಷನ್ ಹುಡುಕಿಕೊಂಡು ಹೋಗುವವರು ಕಡಿಮೆ. ಬೇಕಾದ ಬಟ್ಟೆ ಸಿಗುತ್ತದೆ ಅಂತ ಹೋಗುವವರೇ ಜಾಸ್ತಿ. ನಾಳೆ ಇಂಟರ್‌ವ್ಯೂ ಇದೆ, ವಾರದ ಕೊನೆಗೆ ಯಾರದೋ ಮದುವೆ, ಇಲ್ಲಾ ಇದ್ದಕ್ಕಿದ್ದಂತೆ ಯಾರದೋ ಅಂತ್ಯಕ್ರಿಯೆಗೆ ಹೋಗಬೇಕು, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ, ಸಮಯವೂ ಇಲ್ಲ, ಅಂಥ ಹೊತ್ತಿನಲ್ಲಿ ನೆನಪಾಗುತ್ತಿದ್ದ ಅಂಗಡಿ ಅದು. ಹೆಚ್ಚಿನ ಅಂಗಡಿಗಳು ದೊಡ್ಡ ಮಾಲ್‌ಗಳ ಒಳಗೆ ಇರಲಿಲ್ಲ. ದಿನಸಿ ಅಂಗಡಿ, ಔಷಧಿ ಅಂಗಡಿ ಇರುವ ರಸ್ತೆ ಬದಿಯ ಸಾಲಿನಲ್ಲೇ ಇರುತ್ತಿದ್ದವು. ಬಾಗಿಲ ಮುಂದೆಯೇ ಕಾರು ನಿಲ್ಲಿಸಿ ಒಳಗೆ ಹೋಗಬಹುದಿತ್ತು. ಮಗುವನ್ನು ಎತ್ತಿಕೊಂಡು ಬರುವವರಿಗೆ, ಕೆಲಸ ಮುಗಿಸಿ ಮನೆಗೆ ಓಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಅಳತೆಯ ವಿಷಯದಲ್ಲಂತೂ ಈ ಅಂಗಡಿಯನ್ನು ಹೊಗಳಲೇಬೇಕು. ಸಾಮಾನ್ಯ ಅಳತೆ, ದಪ್ಪ ಮೈಯವರ ಅಳತೆ ಎರಡೂ ಒಂದೇ ಸೂರಿನಡಿ ಸಿಗುತ್ತಿದ್ದವು. ಬೇರೆ ಎಷ್ಟೋ ಕಡೆ ದಪ್ಪಗಿರುವವರನ್ನು ಹಿಂದಿನ ಮೂಲೆಗೆ ಕಳಿಸುತ್ತಾರೆ. ಅಲ್ಲಿ ನೇತು ಹಾಕಿರುವುದು ಕಪ್ಪು ಬಣ್ಣದ, ಚೀಲದಂಥ ಒಂದಷ್ಟು ಬಟ್ಟೆ. ಇಲ್ಲಿ ತಾಯಿ ಒಂದು ಅಳತೆ, ಮಗಳು ಇನ್ನೊಂದು ಅಳತೆ ಇದ್ದರೂ ಇಬ್ಬರೂ ಒಟ್ಟಿಗೆ ಹೋಗಿ ಒಟ್ಟಿಗೆ ಬಟ್ಟೆ ಆರಿಸಬಹುದಿತ್ತು. ಹೊರಗಿನಿಂದ ಬಂದು ಅಲ್ಲಿ ಮೊದಲ ಸಲ ಕೆಲಸಕ್ಕೆ ಸೇರುವ ನಮ್ಮ ಹೆಂಗಸರಿಗೂ ಇದು ಹೇಳಿ ಮಾಡಿಸಿದ ಜಾಗ. ಮೊಣಕಾಲು ಮುಚ್ಚುವ ಉಡುಪು, ಮೇಲೊಂದು ಜಾಕೆಟ್, ತೋಳು ಇರುವ ಬ್ಲೌಸು. ಮುಜುಗರ ಇಲ್ಲದೆ ಹಾಕಿಕೊಳ್ಳಬಹುದು ಅಲ್ವಾ?

ಕೊರತೆ ಇರಲಿಲ್ಲ ಅಂತಲ್ಲ. ಬಟ್ಟೆ ಬಹುಪಾಲು ಪಾಲಿಯೆಸ್ಟರ್. ಕೊನೆಯ ವರ್ಷಗಳಲ್ಲಿ ಡಿಸೈನುಗಳು ಒಂದನ್ನೊಂದು ಹೋಲುತ್ತಿದ್ದವು. ಸದಾ ರಿಯಾಯಿತಿ ಬೋರ್ಡು ಬೇರೆ. ಹೀಗೆ ಮಾಡಿದರೆ ಪೂರ್ತಿ ಬೆಲೆ ಕೊಟ್ಟು ಕೊಳ್ಳುವವರು ಯಾರು?

ಇದು ಶುರುವಾದ ರೀತಿ ನನಗೆ ತುಂಬಾ ಇಷ್ಟ. 1962ರಲ್ಲಿ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ರೋಸ್ಲಿನ್ ಜಾಫೆ ಮೊದಲ ಅಂಗಡಿ ತೆರೆದರು. ಗಂಡ ಎಲಿಯಟ್ ಜಾಫೆ ಮೇಸೀಸ್ ಅನ್ನೋ ದೊಡ್ಡ ಅಂಗಡಿ ಸರಣಿಯಲ್ಲಿ ಕೆಲಸದಲ್ಲಿದ್ದರು. ಅವರು ತಕ್ಷಣ ಆ ನೌಕರಿ ಬಿಡಲಿಲ್ಲ, ಅಂಗಡಿ ನಡೆಸಿದ್ದು ರೋಸ್ಲಿನ್. ಹೆಂಗಸರು ಆಗ ತಾನೇ ಹೆಚ್ಚು ಹೆಚ್ಚು ಹೊರಗಡೆ ದುಡಿಯಲು ಹೋಗುತ್ತಿದ್ದ ಕಾಲ. ಅವರಿಗೆ ಕಡಿಮೆ ಬೆಲೆಗೆ ಮರ್ಯಾದೆಯ ಆಫೀಸು ಬಟ್ಟೆ ಬೇಕಿತ್ತು. ಹೆಸರಾಂತ ಕಂಪನಿಗಳ ಬಟ್ಟೆಯನ್ನು ಅಗ್ಗಕ್ಕೆ ತಂದು ಅಗ್ಗಕ್ಕೇ ಮಾರುವುದು ಆಗಿನ ಪದ್ಧತಿ. ಆಮೇಲೆ ಟಿಜೆ ಮ್ಯಾಕ್ಸ್, ರಾಸ್ ಥರದವರು ಅದೇ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡತೊಡಗಿದರು. ಆಗ ಡ್ರೆಸ್‌ಬಾರ್ನ್ ನಿಧಾನವಾಗಿ ತನ್ನದೇ ಲೇಬಲ್‌ಗಳ ಕಡೆ ತಿರುಗಿತು. ಇಲ್ಲಿಯವರೆಗೆ ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ಶುರುವಾಯಿತು ನೋಡಿ ಬೇರೆ ಕಂಪನಿಗಳನ್ನು ಕೊಳ್ಳುವ ಹುಚ್ಚು. 2005ರಲ್ಲಿ ಮಾರೀಸಸ್ ಅನ್ನೋ ಹೆಂಗಸರ ಬಟ್ಟೆ ಅಂಗಡಿಗಳ ಸರಣಿಯನ್ನು ಕೊಂಡರು. ಇದು ಒಳ್ಳೆಯ ನಿರ್ಧಾರವೇ ಅನ್ನುತ್ತೇನೆ. 2009ರಲ್ಲಿ ಹುಡುಗಿಯರ ಬಟ್ಟೆ ಮಾರುವ ಜಸ್ಟಿಸ್ ಬಂತು. 2011ರಲ್ಲಿ ಇವೆಲ್ಲವನ್ನೂ ನಡೆಸುವ ಮಾತೃ ಕಂಪನಿಯ ಹೆಸರೇ ಅಸೆನಾ ಅಂತ ಬದಲಾಯಿತು. 2012ರಲ್ಲಿ ದಪ್ಪ ಮೈಯವರ ಬಟ್ಟೆ ಮಾರುವ ಲೇನ್ ಬ್ರಯಂಟ್, ಕ್ಯಾಥರೀನ್ಸ್ ಇದ್ದ ಚಾರ್ಮಿಂಗ್ ಶಾಪ್ಸ್ ಕಂಪನಿಯನ್ನು ಸುಮಾರು 89 ಕೋಟಿ ಡಾಲರ್ ಕೊಟ್ಟು ಕೊಂಡರು. ಅದರ ಜೊತೆಗೇ ಬಂದ ಫ್ಯಾಷನ್ ಬಗ್ ಅನ್ನೋ ಸರಣಿಯನ್ನು ಮುಚ್ಚಿಯೇ ಬಿಟ್ಟರು. ಇಷ್ಟಾದರೂ ಸಾಕಾಗಲಿಲ್ಲ. 2015ರಲ್ಲಿ ಹೆಂಗಸರ ಬಟ್ಟೆ ಮಾರುವ ಆನ್ ಟೇಲರ್ ಮತ್ತು ಲಾಫ್ಟ್ ಸರಣಿಗಳ ಒಡೆಯನಾದ ಆನ್ ಕಂಪನಿಗೆ ಸುಮಾರು 215 ಕೋಟಿ ಡಾಲರ್ ಸುರಿದರು. ಅದಕ್ಕಾಗಿ ಮಾಡಿದ ಸಾಲ 180 ಕೋಟಿ ಡಾಲರ್!

ಯಾವ ಹೊತ್ತಿನಲ್ಲಿ? ಆಫೀಸುಗಳಲ್ಲಿ ಜೀನ್ಸ್ ಹಾಕಿಕೊಂಡು ಬಂದರೂ ಯಾರೂ ಏನೂ ಅನ್ನದ ಕಾಲ ಬಂದಾಗಿತ್ತು. ಟಾರ್ಗೆಟ್, ಕೋಲ್ಸ್ ಥರದ ದೊಡ್ಡ ಅಂಗಡಿಗಳು ಒಂದು ಕಡೆ, ಅಮೆಜಾನ್ ಇನ್ನೊಂದು ಕಡೆ ಗಿರಾಕಿಗಳನ್ನು ಎಳೆಯುತ್ತಿದ್ದರು. ಡ್ರೆಸ್‌ಬಾರ್ನ್‌ಗೆ ಆಗ ಬೇಕಿದ್ದದ್ದು ಒಳ್ಳೆಯ ಬಟ್ಟೆ, ಹೊಸ ಕಳೆ, ಸರಿಯಾದ ವೆಬ್‌ಸೈಟು. ಏನೂ ಮಾಡಲಿಲ್ಲ ಅಂತಲ್ಲ. ಮಾಡೆಲ್ ಆಶ್ಲಿ ಗ್ರಹಾಂ ಜೊತೆ ಸೇರಿ ಉಡುಪುಗಳನ್ನು ತಂದರು, ಡಿಸೈನರ್‌ಗಳನ್ನು ಕರೆಸಿದರು. ಆದರೆ ಮನಸ್ಸೂ ದುಡ್ಡೂ ಬೇರೆ ಕಡೆ ಇದ್ದವು ಅನ್ನೋದು ನನ್ನ ಅಭಿಪ್ರಾಯ. ಮನೆಗೆಲ್ಲ ದುಡಿದು ಹಾಕಿದ ಹಿರಿಮಗಳಿಗೇ ಕೊನೆಗೆ ಉಡಲು ಹೊಸದಿಲ್ಲ ಅನ್ನುವಂತಾಯಿತು.

2019ರ ಮೇ ತಿಂಗಳಲ್ಲಿ ಘೋಷಣೆ ಬಂತು. ಸುಮಾರು 650 ಅಂಗಡಿ, ಅಷ್ಟನ್ನೂ ಮುಚ್ಚುತ್ತೇವೆ, ಸಾಕಾಗುವಷ್ಟು ಲಾಭ ಬರುತ್ತಿಲ್ಲ ಅಂತ ಕಾರಣ ಕೊಟ್ಟರು. ಸುಮಾರು 6,800 ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ನನಗೆ ಸಂಕಟ ಆಗುವುದು ಇಲ್ಲೇ. ಇಂಥ ಅಂಗಡಿಗಳಲ್ಲಿ ಕೌಂಟರಿನಲ್ಲಿ ನಿಲ್ಲುವವರೂ ಬಹುಪಾಲು ಹೆಂಗಸರು. ಗಿರಾಕಿಯ ಮುಖ ನೋಡಿಯೇ "ಇದು ನಿಮಗೆ ಆಗಲ್ಲ, ತಾಳಿ, ಇನ್ನೊಂದು ಅಳತೆ ತರ್ತೀನಿ" ಅನ್ನುವವರು. ಸಾಲ ಮಾಡಿ ಕಂಪನಿ ಕೊಂಡ ನಿರ್ಧಾರದಲ್ಲಿ ಅವರ ಪಾಲು ಏನೂ ಇರಲಿಲ್ಲ.

ಡ್ರೆಸ್‌ಬಾರ್ನ್ ಮುಚ್ಚಿದ್ದರಿಂದ ಉಳಿದವರಾದರೂ ಬದುಕಿದರಾ? ಅದೂ ಇಲ್ಲ. ಕೋವಿಡ್ ಬಂತು, 2020ರ ಜುಲೈನಲ್ಲಿ ಅಸೆನಾ ದಿವಾಳಿ ಅರ್ಜಿ ಹಾಕಿತು. ಆನ್ ಟೇಲರ್, ಲಾಫ್ಟ್, ಲೇನ್ ಬ್ರಯಂಟ್, ಲೂ ಅಂಡ್ ಗ್ರೇ ಅನ್ನೋ ಇನ್ನೊಂದು ಬಟ್ಟೆ ಬ್ರ್ಯಾಂಡು, ಎಲ್ಲಾ ಸೇರಿ 54 ಕೋಟಿ ಡಾಲರ್‌ಗೆ ಮಾರಾಟವಾದವು. ಆನ್ ಕಂಪನಿಯೊಂದಕ್ಕೇ ಕೊಟ್ಟಿದ್ದ 215 ಕೋಟಿಯನ್ನು ಇದರ ಪಕ್ಕ ಇಟ್ಟು ನೋಡಿ.

ಡ್ರೆಸ್‌ಬಾರ್ನ್ ಹೆಸರನ್ನು ಬೇರೆಯವರು ಕೊಂಡು 2020ರ ಜನವರಿಯಲ್ಲಿ ಆನ್‌ಲೈನ್ ಅಂಗಡಿಯಾಗಿ ತೆರೆದರು. ಹೆಸರು ಅದೇ ಇರಬಹುದು. ಆದರೆ ಬಟ್ಟೆ ಹಾಕಿ ನೋಡುವ ಕೋಣೆ ಇಲ್ಲ, ಅಳತೆ ತಂದು ಕೊಡುವವರು ಇಲ್ಲ. ಹಳೆಯ ನೆನಪಿನಲ್ಲಿ ಸುಮ್ನೆ ಹೆಸರು ನೋಡಿ ದುಡ್ಡು ಕಟ್ಟಬೇಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ಇನ್ನು ಮಾರೀಸಸ್. 2019ರಲ್ಲೇ, ಅಸೆನಾ ಕುಸಿಯುವ ಮೊದಲು, ಅದರ ಹೆಚ್ಚಿನ ಪಾಲನ್ನು ಬೇರೆ ಕಂಪನಿಗೆ ಮಾರಿದ್ದರು. ಸಣ್ಣ ಸಣ್ಣ ಊರುಗಳಲ್ಲಿರುವ ಸರಣಿ ಅದು. ಡ್ರೆಸ್‌ಬಾರ್ನ್‌ಗಿಂತ ಸ್ವಲ್ಪ ಎಳೆ ವಯಸ್ಸಿನವರ ಬಟ್ಟೆ, ಆದರೆ ದಪ್ಪ ಮೈಯವರ ಅಳತೆಯೂ ಅಲ್ಲೇ ಸಿಗುತ್ತದೆ. ಡ್ರೆಸ್‌ಬಾರ್ನ್ ಇಲ್ಲದೆ ಎಲ್ಲಿ ಹೋಗೋದು ಅಂತ ಕೇಳುವವರಿಗೆ ನಾನು ಮೊದಲು ಅದನ್ನೇ ಹೇಳುತ್ತೇನೆ. ಆಫೀಸಿಗೆ ಜಾಕೆಟ್ಟೇ ಬೇಕು ಅಂದರೆ ಲಾಫ್ಟ್ ನೋಡಿ, ಬೆಲೆ ಜಾಸ್ತಿ, ರಿಯಾಯಿತಿ ಬರುವ ತನಕ ಕಾಯಿರಿ.